ಮೆದುಳು ಸವೆಯುವ ಕಾಯಿಲೆಗೆ ಕಾರಣ ಸಿಕ್ಕಿತೆಂಬ ಸುದ್ದಿಯನ್ನು ಓದುವ ಬಗೆ

ಇಂಥ ಸುದ್ದಿ ಕಂಡಾಗ, ಹೆಸರಿಸಿದ ವಸ್ತು ರೋಗಿಯ ಮೆದುಳಿನಲ್ಲಿ ಸುಮ್ಮನೆ ಇತ್ತೇ, ಇಲ್ಲವೇ ರೋಗವನ್ನು ಅದೇ ತಂದಿತೇ ಎಂಬುದನ್ನು ಮೊದಲು ವಿಚಾರಿಸಿರಿ. 1906ರಲ್ಲಿ ಜರ್ಮನ್ ವೈದ್ಯ ಅಲೋಯಿಸ್ ಆಲ್ಝೈಮರ್ ಅವರು ಬೆಳ್ಳಿಯ ಲವಣದಿಂದ ಬಣ್ಣಗೊಳಿಸಿದ, ಮರೆವಿನ ರೋಗಿಯೊಬ್ಬರ ಮೆದುಳಿನ ತೆಳು ಸೀಳುಗಳಲ್ಲಿ, ನರಕೋಶಗಳೊಳಗೆ ಕಪ್ಪಾಗಿ ಸಿಕ್ಕುಗಟ್ಟಿದ ಎಳೆಗಳನ್ನು ಕಂಡು ವರದಿ ಮಾಡಿದರು. ಅದು ಮಹತ್ವದ ಶೋಧವೇ, ಆದರೆ ಅಷ್ಟರಿಂದಲೇ ಕಾರಣ ಸಿದ್ಧವಾಗದು.

ಬಳಿಕ, ಆ ವಸ್ತುವನ್ನು ಕೆಡಿಸಿ ನೋಡಿದ್ದಾರೆಯೇ ಎಂದು ಹುಡುಕಿರಿ. ಇದಕ್ಕೆ ಕ್ಯಾಲಿಫೋರ್ನಿಯಾದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಅವರ ಕೆಲಸಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ: ಕುರಿಗಳ ಮೆದುಳನ್ನು ಸವೆಸುವ ಸ್ಕ್ರೇಪಿ ಎಂಬ ರೋಗ ತಗುಲಿದ ಹ್ಯಾಮ್‌ಸ್ಟರ್‌ಗಳ ಮೆದುಳಿನ ಸಾರದಲ್ಲಿದ್ದ ಸೋಂಕು, ವೈರಸ್, ಬ್ಯಾಕ್ಟೀರಿಯಾಗಳಲ್ಲಿ ಇರುವ ವಂಶವಸ್ತುವಾದ ನ್ಯೂಕ್ಲಿಯಿಕ್ ಆಮ್ಲವನ್ನು ಹಾಳುಮಾಡುವ ಕ್ರಮಗಳಿಗೆ ಜಗ್ಗದೆ, ಪ್ರೋಟೀನನ್ನು ಕೆಡಿಸಿದಾಗ ಕುಗ್ಗಿತು. 1982ರಲ್ಲಿ ಅವರು ಸೋಂಕು ತರುವ ಆ ಪ್ರೋಟೀನ್ ಕಣಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ಆ ಪ್ರೋಟೀನಿನ ಜೀನೇ ಇಲ್ಲದ ಇಲಿಗಳಿಗೆ ರೋಗ ಬಾರದೆಂಬುದು 1993ರಲ್ಲಿ ತಿಳಿದುಬಂತು. ವಸ್ತುವನ್ನು ಕೆಡಿಸಿ ಅಥವಾ ತೆಗೆದು ನೋಡಿದ ಇಂಥ ಎರಡನೆಯ ಪುರಾವೆಯಿಲ್ಲದ ಸುದ್ದಿಯನ್ನು ನಂಬಿ, ವೈದ್ಯರನ್ನು ಕೇಳದೆ ಮನೆಯ ಹಿರಿಯರ ಔಷಧಿಯನ್ನು ಬದಲಿಸಬೇಡಿರಿ.