ಮಳೆಗಾಲ ಕಲಿಸಿದ ರೇಷ್ಮೆ ಸೆನ್ಸರ್

ಬ್ಯಾಟರಿಯಿಲ್ಲದೆ ಸಿ-ರಿಯಾಕ್ಟಿವ್ ಪ್ರೋಟೀನ್ ಪತ್ತೆ ಹಚ್ಚುವ ಸೆನ್ಸರ್ ಮಾಡಲು ಹೊರಟಾಗ ನನಗೆ ಮೊದಲು ಬೇಕಾಗಿದ್ದು ರೇಷ್ಮೆಗೂಡು. ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ಎರಡು ಬೊಗಸೆ ಗೂಡು ಕೊಟ್ಟರು. ಸೋಂಕು, ಉರಿಯೂತ ಶುರುವಾದರೆ ಲಿವರ್ ಈ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಇದನ್ನು ಅಳೆಯುವಂತಾಗಬೇಕು ಎಂಬುದು ನನ್ನ ಆಸೆ.

ಗೂಡು ಕತ್ತರಿಸಿ ಹುಳು ತೆಗೆದು, ಸೋಡಿಯಂ ಕಾರ್ಬೊನೇಟ್ ನೀರಲ್ಲಿ 30 ನಿಮಿಷ ಕುದಿಸಿದೆ. ಸೆರಿಸಿನ್ ಅಂಟು ಬಿಟ್ಟುಹೋಗಿ ಹತ್ತಿಯಂಥ ಫೈಬ್ರಾಯಿನ್, ಅಂದರೆ ರೇಷ್ಮೆ ಎಳೆಯ ಪ್ರೋಟೀನ್, ಉಳಿಯಿತು. ಕುದಿ ಹೆಚ್ಚಾದರೆ ಪ್ರೋಟೀನ್ ಸರಪಳಿಯೇ ತುಂಡಾಗಿ, ಒಣಗಿದ ಪದರ ಹಪ್ಪಳದ ಹಾಗೆ ಮುರಿಯುತ್ತದೆ. ಲಿಥಿಯಂ ಬ್ರೋಮೈಡ್‌ನಲ್ಲಿ 60 ಡಿಗ್ರಿಗೆ 4 ಗಂಟೆ ಕರಗಿಸಿ, 2 ದಿನ ಡಯಾಲಿಸಿಸ್ ಮಾಡಿ (ಸಣ್ಣ ರಂಧ್ರದ ಪೊರೆಯ ಚೀಲದಲ್ಲಿಟ್ಟು ನೀರಿಗೆ ಬಿಟ್ಟು) ಆ ಬ್ರೋಮೈಡ್ ಉಪ್ಪು ತೆಗೆದು, ತಟ್ಟೆಗೆ ಹೊಯ್ದು ಒಣಗಿಸಿದೆ. ಮೆಥನಾಲ್ ಸೋಕಿಸಿದ ಮೇಲೆ ಪದರ ನೀರಿಗೆ ಕರಗುವುದಿಲ್ಲ. ಅದರ ಮೇಲೆ, ಸಿ-ರಿಯಾಕ್ಟಿವ್ ಪ್ರೋಟೀನನ್ನು ಗುರುತಿಸಿ ಹಿಡಿಯುವ ಆ್ಯಂಟಿಬಾಡಿ ಕೂರಿಸಿದೆ.

ರೇಷ್ಮೆ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಟೆಫ್ಲಾನ್ ಎಳೆದುಕೊಳ್ಳುತ್ತದೆ. ಎರಡನ್ನೂ ತಾಗಿಸಿ ಬಿಡಿಸಿದರೆ ಹಿಂದಿನ ತಾಮ್ರದ ಪಟ್ಟಿಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಜಾರ್ಜಿಯಾ ಟೆಕ್‌ನ ಝೋಂಗ್ ಲಿನ್ ವಾಂಗ್ ತಂಡ 2012ರಲ್ಲಿ ತೋರಿಸಿದ ದಾರಿ ಇದು. ಆ್ಯಂಟಿಬಾಡಿ ಪ್ರೋಟೀನನ್ನು ಹಿಡಿದರೆ ಮೇಲ್ಮೈಯ ಚಾರ್ಜ್ ಬದಲಾಗುತ್ತದೆ, ವೋಲ್ಟೇಜೂ ಬದಲಾಗುತ್ತದೆ. ಮಾಮೂಲಿ ಮಲ್ಟಿಮೀಟರ್ ಹಿಡಿದು ನಿರಾಶರಾಗಬೇಡಿ, ಅದರ ಮೂಲಕವೇ ಚಾರ್ಜ್ ಹರಿದುಹೋಗುತ್ತದೆ. ಚಾರ್ಜ್ ಸೋರಗೊಡದೆ ಅಳೆಯುವ ಎಲೆಕ್ಟ್ರೋಮೀಟರ್ ಬೇಕು.

ಜುಲೈನಲ್ಲೊಂದು ದಿನ ಪ್ರೋಟೀನ್ ಹಾಕಿದ ಪದರದ ವೋಲ್ಟೇಜ್ ಚೆನ್ನಾಗಿ ಇಳಿಯಿತು. ಗೆದ್ದೆ ಅಂದುಕೊಂಡೆ. ಸಂಜೆ, ಪ್ರೋಟೀನ್ ಇಲ್ಲದ ಬರೀ ಬಫರ್ (ಉಪ್ಪಿನ ದ್ರಾವಣ) ಹಾಕಿದ್ದ ಪದರ ಇಟ್ಟು ನೋಡಿದರೆ ಅದೂ ಅಷ್ಟೇ ಇಳಿದಿತ್ತು. ಹೊರಗೆ ಬೆಳಗ್ಗಿನಿಂದ ಜಡಿಮಳೆ. ರೇಷ್ಮೆ ತೇವ ಹೀರಿ ಚಾರ್ಜ್ ಸೋರಿಹೋಗಿತ್ತು. ಮೂರು ವಾರದ ಲೆಕ್ಕದ ಮೇಲೆ ಅಡ್ಡಗೆರೆ ಎಳೆಯುವಾಗ ಹೊಟ್ಟೆ ಉರಿಯಿತು, ಆದರೂ ಎಳೆದೆ.

ಈಗ ಒಂದೇ ಪದರದಿಂದ ಎರಡು ತುಂಡು ಕತ್ತರಿಸುತ್ತೇನೆ. ಒಂದಕ್ಕೆ ಆ್ಯಂಟಿಬಾಡಿ, ಇನ್ನೊಂದಕ್ಕೆ ಏನನ್ನೂ ಗುರುತಿಸಿ ಹಿಡಿಯದ ಆಲ್ಬುಮಿನ್ ಪ್ರೋಟೀನ್ ಮಾತ್ರ. ಎರಡಕ್ಕೂ ಒಂದೇ ಸ್ಯಾಂಪಲ್, ತೇವ ಹೀರುವ ಸಿಲಿಕಾ ಜೆಲ್ ಇರುವ ಒಂದೇ ಡಬ್ಬಿ. ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ನಂಬುತ್ತೇನೆ. ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರ್‌ನಲ್ಲೇ ಆಗಬೇಕು; ಬಫರಿನ ಉಪ್ಪು ಉಳಿದರೆ ಅದೂ ತೇವ ಎಳೆಯುತ್ತದೆ.

ಸಿಗ್ನಲ್‌ಗೆ ಬ್ಯಾಟರಿ ಬೇಡ, ನಿಜ. ಓದುವ ಎಲೆಕ್ಟ್ರೋಮೀಟರ್ ಮಾತ್ರ ಇನ್ನೂ ಗೋಡೆಯ ಪ್ಲಗ್ಗಿನಲ್ಲಿದೆ. ಇದುವರೆಗೆ ನೋಡಿದ್ದೆಲ್ಲ ಬಫರಿನಲ್ಲಿ. ಸಿಕ್ಕಿದ್ದಕ್ಕೆಲ್ಲ ಅಂಟುವ ನೂರಾರು ಪ್ರೋಟೀನ್‌ಗಳಿರುವ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ) ಮುಂದಿನ ತಿಂಗಳು ಕೈಹಾಕುತ್ತೇನೆ.