ಕೌನ್ಸಿಲ್ ಕೈಬಿಟ್ಟ ಪಟಾಕಿ, ಸಂಘ ಕಳೆದುಕೊಳ್ಳುವ ಮುಂಗಡ

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಕನ್ನಡ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: "ಈ ವರ್ಷ ಕೌನ್ಸಿಲ್‌ನವರು ಪಾರ್ಕಿನಲ್ಲಿ ಪಟಾಕಿ ಹಾರಿಸುವುದಿಲ್ಲವಂತೆ. ದೀಪಾವಳಿ, ರಾಜ್ಯೋತ್ಸವ ಎರಡನ್ನೂ ಸೇರಿಸಿ ನಾವೇ ಯಾಕೆ ಮಾಡಬಾರದು?" ಹುಮ್ಮಸ್ಸು ಒಳ್ಳೆಯದೇ. ಆದರೆ ಹೊಸದಾಗಿ ಬಂದವರು ವರ್ಷವೂ ಒಂದೇ ಜಾಗದಲ್ಲಿ ಎಡವಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. 1605ರಲ್ಲಿ ಸಂಸತ್ತನ್ನು ಸಿಡಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್‌ನ ಕಥೆ, ಅದರ ನೆನಪಿಗೆ ಇಲ್ಲಿ ನವೆಂಬರ್ 5ರಂದು ಬೆಂಕಿ ಹಾಕಿ ಪಟಾಕಿ ಹಾರಿಸುವುದು, ಇದನ್ನೆಲ್ಲ ನಿಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಬಂದು ಹೇಳಿರುತ್ತಾರೆ. ಅದನ್ನು ಬಿಡೋಣ.

ಕೌನ್ಸಿಲ್‌ಗಳು, ಅಂದರೆ ಇಲ್ಲಿನ ಸ್ಥಳೀಯ ಆಡಳಿತಗಳು, ಪಟಾಕಿ ಪ್ರದರ್ಶನ ಕೈಬಿಡುತ್ತಿರುವುದು ಏಕೆಂದು ಮೊದಲು ತಿಳಿಯಬೇಕು. ಅವುಗಳ ಕೆಲಸಗಳಲ್ಲಿ ಎರಡು ಬಗೆ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಕಸ ವಿಲೇವಾರಿ ಇವು ಕಾನೂನು ಹೊರಿಸಿದ ಹೊಣೆಗಳು, ಮಾಡದೆ ವಿಧಿಯಿಲ್ಲ. ಬೆಂಕಿ, ಪಟಾಕಿ, ಹಬ್ಬದ ದೀಪಗಳು ಐಚ್ಛಿಕ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಐಚ್ಛಿಕಕ್ಕೇ. ಮ್ಯಾಂಚೆಸ್ಟರ್ ನಗರಾಡಳಿತ 2022ರಲ್ಲಿ ವೆಚ್ಚದ ಕಾರಣ ನೀಡಿ ತನ್ನ ಪಾರ್ಕುಗಳ ಪ್ರದರ್ಶನಗಳನ್ನು ನಿಲ್ಲಿಸಿತು. ಮರುವರ್ಷ ಲೀಡ್ಸ್ ಕೂಡ ಸುಮಾರು 2 ಲಕ್ಷ ಪೌಂಡ್ ಉಳಿಸಲೆಂದು ರೌಂಡ್‌ಹೇ ಪಾರ್ಕ್ ಮೊದಲಾದ ಕಡೆಗಳಲ್ಲಿ ನಡೆಸುತ್ತಿದ್ದ ಉಚಿತ ಪ್ರದರ್ಶನಗಳನ್ನು ಕೈಬಿಟ್ಟಿತು. ಬರ್ಮಿಂಗ್‌ಹ್ಯಾಮ್ ಅಂತಹ ದೊಡ್ಡ ಕೌನ್ಸಿಲ್ಲೇ 2023ರಲ್ಲಿ ಆದಾಯ ಸಾಲದೆಂದು ನೋಟಿಸ್ ಹೊರಡಿಸಬೇಕಾಯಿತು. ವೃದ್ಧೆಯೊಬ್ಬರ ಮನೆಗೆ ಹೋಗುವ ಆರೈಕೆಯವರನ್ನು ನಿಲ್ಲಿಸಿ ಆಕಾಶಕ್ಕೆ ದುಡ್ಡು ಸುಡಿ ಎಂದು ನಾನೂ ಹೇಳಲಾರೆ.

ಆದರೂ ಕೌನ್ಸಿಲ್ ಹಣ ಕೊಡಬೇಕು ಎಂಬುದೇ ನನ್ನ ಅಭಿಪ್ರಾಯ. ಪಾರ್ಕಿನ ಪ್ರದರ್ಶನ ನಿಂತ ಮಾತ್ರಕ್ಕೆ ಪಟಾಕಿ ನಿಲ್ಲುವುದಿಲ್ಲ, ಹಿತ್ತಿಲುಗಳಿಗೆ ಹಂಚಿಹೋಗುತ್ತದೆ. ಒಂದೇ ಕಡೆ, ಪರಿಣತರ ಕೈಯಲ್ಲಿ, ಅಗ್ನಿಶಾಮಕದವರ ಕಣ್ಣೆದುರು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದದ್ದು ಬೀದಿ ಬೀದಿಯಲ್ಲಿ ವಾರಗಟ್ಟಲೆ ನಡೆಯುತ್ತದೆ. ನಾಯಿ ಸಾಕಿದವರಿಗೆ, ಹಸುಗೂಸು ಇರುವವರಿಗೆ ಯಾವುದು ಮೇಲು? ಟಿಕೆಟ್ ಇಟ್ಟು ನಡೆಸುವ ಖಾಸಗಿ ಪ್ರದರ್ಶನಕ್ಕೆ ನಾಲ್ಕು ಜನರ ಕುಟುಂಬ ಹೋಗಿಬರುವ ಖರ್ಚು ಎಲ್ಲರಿಗೂ ಎಟುಕುವುದಿಲ್ಲ. ಸಸೆಕ್ಸ್‌ನ ಲೂಯಿಸ್ ಪಟ್ಟಣದಲ್ಲಿ ಬಾನ್‌ಫೈರ್ ಸೊಸೈಟಿಗಳು, ಅಂದರೆ ನವೆಂಬರ್ 5ರ ಬೆಂಕಿಹಬ್ಬ ನಡೆಸುವ ಸಂಘಗಳು, ವರ್ಷವಿಡೀ ದುಡಿದು, ತಾವೇ ಹಣ ಕೂಡಿಸಿ ದೇಶದಲ್ಲೇ ಹೆಸರಾದ ಮೆರವಣಿಗೆ ನಡೆಸುತ್ತವೆ, ನಿಜ. ನಮ್ಮ ಕೇರಿಯ ಗಣಪತಿಯೂ ಚಂದಾದಲ್ಲೇ ನಡೆಯುವುದು. ಆದರೆ ತಲೆಮಾರುಗಳಿಂದ ಬೆಳೆದ ಅಂತಹ ಸಂಘಟನೆ ಎಲ್ಲ ಊರಿನಲ್ಲೂ ಇರುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲೆಂದು ಕಾಣುತ್ತದೆ: ಮೈಸೂರು ದಸರೆಯನ್ನು ಬರಗಾಲದಲ್ಲಿ ಸರಳವಾಗಿ ಮಾಡುತ್ತಾರೆಯೇ ಹೊರತು ಅದು ಸರ್ಕಾರದ ಹೊಣೆಯಲ್ಲವೆಂದು ಯಾರೂ ಹೇಳುವುದಿಲ್ಲ. ಸುರಕ್ಷತೆಯಲ್ಲಿ ಮಾತ್ರ ಇಲ್ಲಿನವರನ್ನೇ ಮೆಚ್ಚುತ್ತೇನೆ. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಉರಿದು ಅಷ್ಟು ಜನ ಸತ್ತದ್ದನ್ನು ನೆನೆದರೆ, ಇವರ ಕಾಗದಪತ್ರಗಳ ಕಾಟವನ್ನು ಬೈಯಲು ಮನಸ್ಸಾಗುವುದಿಲ್ಲ.

ಆ ಕಾಗದಪತ್ರಗಳಲ್ಲೇ ದುಡ್ಡು ಹೋಗುವುದು. ದಯವಿಟ್ಟು ಇಲ್ಲಿಂದ ನಿಧಾನವಾಗಿ ಓದಿ.

ನವೆಂಬರ್ ಮೊದಲ ವಾರಾಂತ್ಯಗಳಿಗೆ ಪಟಾಕಿ ಪ್ರದರ್ಶನದ ಕಂಪನಿಗಳು ಬೇಸಿಗೆಯಲ್ಲೇ ಭರ್ತಿಯಾಗುತ್ತವೆ. "ಈಗ ಮುಂಗಡ ಕೊಟ್ಟರೆ ದಿನಾಂಕ ನಿಮ್ಮದು" ಎನ್ನುತ್ತಾರೆ. ಸಂಘದವರು ಆತುರದಿಂದ ಕೊಟ್ಟುಬಿಡುತ್ತಾರೆ. ನಾನು ಹತ್ತಿರದಿಂದ ಕಂಡ ಒಂದು ಸಂಘದಲ್ಲಿ ಸಭಾಂಗಣ ಕಾಯ್ದಿರಿಸಿ ಆಗಿತ್ತು, ಹಿಂದಿನ ಮೈದಾನವೂ ಅದರ ಜೊತೆಗೇ ಬರುತ್ತದೆಂದು ಎಲ್ಲರೂ ನಂಬಿದ್ದರು. ಸಭಾಂಗಣ ಒಂದು ಟ್ರಸ್ಟ್‌ನದು, ಮೈದಾನ ಕೌನ್ಸಿಲ್‌ನದು. ಗೊತ್ತಾದಾಗ ಸೆಪ್ಟೆಂಬರ್ ಕಳೆದಿತ್ತು. ಮೈದಾನದಲ್ಲಿ ಕಾರ್ಯಕ್ರಮ ಮಾಡಲು ತಿಂಗಳುಗಳ ಮೊದಲೇ ಅರ್ಜಿ, ಜಾಗದ ನಕ್ಷೆ, ಅಪಾಯಗಳ ಅಂದಾಜು ಪತ್ರ ಎಲ್ಲ ಬೇಕು. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್‌ನವರು ಕೂಡಿದ ಸುರಕ್ಷತಾ ಸಲಹಾ ಗುಂಪಿನ ಮುಂದೆ ಅದು ಹೋಗಬೇಕು. ಅನುಮತಿ ಸಿಗಲಿಲ್ಲ. ಕರಾರಿನಲ್ಲಿ "ಗ್ರಾಹಕರ ಕಾರಣದಿಂದ ರದ್ದಾದರೆ ಮುಂಗಡ ಮರಳಿಸುವುದಿಲ್ಲ" ಎಂದು ಬರೆದಿತ್ತು. ಮನೆಮನೆಯಿಂದ ಕೂಡಿಸಿದ ಚಂದಾ ಹೋಯಿತು. ಲೆಕ್ಕ ಒಪ್ಪಿಸಲು ನಿಂತ ಖಜಾಂಚಿ ಆ ದಿನ ಅನುಭವಿಸಿದ ಮುಜುಗರ ಯಾರಿಗೂ ಬೇಡ.

ಎರಡನೆಯ ಪೆಟ್ಟು ವಿಮೆಯದು. ಜಾಗ ಕೊಡುವ ಕೌನ್ಸಿಲ್ ಸಾಮಾನ್ಯವಾಗಿ 50 ಲಕ್ಷ ಪೌಂಡ್‌ನ, ಕೆಲವೆಡೆ ಅದರ ಎರಡರಷ್ಟು, ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಕೇಳುತ್ತದೆ. "ನಮ್ಮ ಸಂಘಕ್ಕೆ ವಿಮೆ ಇದೆ" ಎಂದು ಪದಾಧಿಕಾರಿಗಳು ನಿಶ್ಚಿಂತರಾಗಿರುತ್ತಾರೆ. ಅದರ ಸಣ್ಣ ಅಕ್ಷರಗಳನ್ನು ಓದಿ: ಇಂತಹ ಪಾಲಿಸಿಗಳಲ್ಲಿ ಪಟಾಕಿ ಮತ್ತು ಬೆಂಕಿಯನ್ನು ಹೊರಗಿಟ್ಟಿರುವುದು ತೀರ ಸಾಮಾನ್ಯ. ಪಟಾಕಿ ಕಂಪನಿಯ ವಿಮೆ ಅವರ ಕೆಲಸಕ್ಕೆ ಮಾತ್ರ. ಕತ್ತಲಲ್ಲಿ ಯಾರಾದರೂ ಎಡವಿ ಕಾಲು ಮುರಿದುಕೊಂಡರೆ ಹೊಣೆ ಸಂಘದ್ದೇ. ಮೂರನೆಯದು ಕೌನ್ಸಿಲ್‌ನ ಸಣ್ಣ ಅನುದಾನ. ಮಂಜೂರಾತಿಗೆ ಮೊದಲೇ ಮಾಡಿದ ಖರ್ಚನ್ನು ಅದು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಅಂದರೆ ಜುಲೈನಲ್ಲಿ ಕೊಟ್ಟ ಮುಂಗಡಕ್ಕೆ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿ ಫಲವಿಲ್ಲ.

ಆದ್ದರಿಂದ ಮೊದಲು ಜಾಗದ ಒಡೆಯರ ಲಿಖಿತ ಒಪ್ಪಿಗೆ, ಆಮೇಲೆ ವಿಮೆ, ಆಮೇಲೆ ಅನುದಾನದ ಪತ್ರ, ಎಲ್ಲಕ್ಕಿಂತ ಕೊನೆಗೆ ಮುಂಗಡ. ಅಷ್ಟರಲ್ಲಿ ದಿನಾಂಕ ತಪ್ಪಿಹೋದರೆ ಹೋಗಲಿ. ಪಟಾಕಿಯಿಲ್ಲದೆ ದೀಪ ಹಚ್ಚಿ ಹೋಳಿಗೆ ಊಟ ಮಾಡಿದ ಹಬ್ಬವೂ ಹಬ್ಬವೇ.

"ಹಾಗಾದರೆ ನಾವೇ ನಾಲ್ಕು ಮನೆಯವರು ಪಾರ್ಕಿಗೆ ಹೋಗಿ ಹಚ್ಚೋಣ" ಎನ್ನುವವರಿಗೆ: ರಸ್ತೆಯಲ್ಲಾಗಲಿ ಸಾರ್ವಜನಿಕ ಜಾಗದಲ್ಲಾಗಲಿ ಪಟಾಕಿ ಹಚ್ಚುವುದು ಇಲ್ಲಿ ಅಪರಾಧ. ಸ್ವಂತ ಹಿತ್ತಿಲಿನಲ್ಲೂ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಹಚ್ಚುವಂತಿಲ್ಲ. ನವೆಂಬರ್ 5ರಂದು ಮಧ್ಯರಾತ್ರಿಯವರೆಗೆ, ದೀಪಾವಳಿಯಂದು ರಾತ್ರಿ 1ರವರೆಗೆ ವಿನಾಯಿತಿ ಇದೆ. ಆದರೆ ಅದು ಒಂದೇ ರಾತ್ರಿಗೆ. ನಮಗೆ ನರಕ ಚತುರ್ದಶಿಯಿಂದ ಬಲಿಪಾಡ್ಯಮಿಯವರೆಗೆ ಹಬ್ಬವಾದರೂ ಕಾನೂನಿನ ಲೆಕ್ಕದಲ್ಲಿ ಪಾಡ್ಯಮಿ ಮಾಮೂಲು ರಾತ್ರಿ, 11ಕ್ಕೆ ನಿಲ್ಲಿಸಲೇಬೇಕು. ವಾರಾಂತ್ಯಕ್ಕೆ ಮುಂದೂಡಿದ ಸಂಘದ ದೀಪಾವಳಿಗೂ ವಿನಾಯಿತಿ ಸಿಗುವುದಿಲ್ಲ. ವರ್ಷವಿಡೀ ಮಾರುವ ಪರವಾನಗಿ ಇಲ್ಲದ ಅಂಗಡಿಗಳು ಈ ಋತುವಿನಲ್ಲಿ ಅಕ್ಟೋಬರ್ 15ರಿಂದ ನವೆಂಬರ್ 10ರವರೆಗೆ ಪಟಾಕಿ ಮಾರಬಹುದು. ಕಾರ್ಯಕ್ರಮ ನವೆಂಬರ್ ನಡುವಿಗೆ ಬಿದ್ದರೆ ಸರಕನ್ನೂ ಮೊದಲೇ ತರಬೇಕು. ಸ್ಕಾಟ್‌ಲೆಂಡಿನ ನಿಯಮಗಳು ಇನ್ನೂ ಬಿಗಿ, ಅಲ್ಲಿರುವವರು ಇದನ್ನು ನೆಚ್ಚಬೇಡಿ.

ಕೌನ್ಸಿಲ್ಲೇ ಮತ್ತೆ ಪ್ರದರ್ಶನ ನಡೆಸಬೇಕು ಎನ್ನುವವರು ಅಕ್ಟೋಬರಿನಲ್ಲಿ ಮನವಿಗೆ ಸಹಿ ಹಾಕಿಸುತ್ತಾ ತಿರುಗುತ್ತಾರೆ. ಆ ಹೊತ್ತಿಗೆ ಆ ವರ್ಷದ ಹಣದ ತೀರ್ಮಾನ ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಇಲ್ಲಿ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 11ರೊಳಗೆ ಕೌನ್ಸಿಲ್ ತೆರಿಗೆ ನಿಗದಿಯಾಗಬೇಕು. ಬಜೆಟ್ ಬಗ್ಗೆ ನಿವಾಸಿಗಳ ಅಭಿಪ್ರಾಯ ಕೇಳುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಆಗ ಬರೆಯಿರಿ. ಎಷ್ಟು ಕುಟುಂಬಗಳು ಬರುತ್ತಿದ್ದವು, ಸಂಘ ಎಷ್ಟು ಸ್ವಯಂಸೇವಕರನ್ನು ಕೊಡಬಲ್ಲದು, ದೀಪಾವಳಿ ಮತ್ತು ನವೆಂಬರ್ 5 ಎರಡಕ್ಕೂ ಸೇರಿ ಒಂದೇ ಪ್ರದರ್ಶನ ಸಾಕೇ ಎಂಬುದನ್ನೆಲ್ಲ ತಿಳಿಸಿ. ಬೇಕೆಂದು ಬರೀ ಕೇಳುವ ಪತ್ರಕ್ಕಿಂತ ಅರ್ಧ ಭಾರ ಹೊರುತ್ತೇವೆ ಎನ್ನುವ ಪತ್ರಕ್ಕೆ ಬೆಲೆ ಹೆಚ್ಚು. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕಳುಹಿಸಿ. ಹಲವು ಕೌನ್ಸಿಲ್‌ಗಳಲ್ಲಿ ಅವರ ಕೈಯಲ್ಲೇ ಸ್ವಲ್ಪ ಹಣ ಇರುತ್ತದೆ.

ಭಾರತೀಯ ಪಾಸ್‌ಪೋರ್ಟ್ ಇದ್ದರೂ, ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಯಾಗಿ ನಿಮಗೆ ಇಲ್ಲಿನ ಚುನಾವಣೆಗಳಲ್ಲಿ ಮತದಾನದ ಹಕ್ಕಿದೆ. ವರ್ಷಗಟ್ಟಲೆ ಕೌನ್ಸಿಲ್ ತೆರಿಗೆ ಕಟ್ಟುತ್ತಾ ಇದು ಗೊತ್ತಿಲ್ಲದವರನ್ನು ಈಗಲೂ ಭೇಟಿಯಾಗುತ್ತಿದ್ದೇನೆ. ಹೆಸರು ನೋಂದಾಯಿಸಲು ಆನ್‌ಲೈನಿನಲ್ಲಿ ಕೆಲವೇ ನಿಮಿಷ ಸಾಕು. ವಾರ್ಡಿನ ಸದಸ್ಯರಿಗೆ ಪತ್ರ ಬರೆಯುವ ಮೊದಲು ಅದನ್ನು ಮುಗಿಸಿಕೊಳ್ಳಿ.