ಕಪಾಟಿನಲ್ಲಿರುವ ಫಿಲ್ಮ್ ಕ್ಯಾಮೆರಾವನ್ನು ಮತ್ತೆ ಬಳಕೆಗೆ ತರುವುದು ಹೇಗೆ?

ಕರಾವಳಿಯ ಎಷ್ಟೋ ಮನೆಗಳ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಹಿಂದೆಯೋ ಹಳೆಯ ದಾಖಲೆಪತ್ರಗಳ ಅಡಿಯಲ್ಲೋ, ಚರ್ಮದ ಕವಚದೊಳಗೆ ಒಂದು ಫಿಲ್ಮ್ ಕ್ಯಾಮೆರಾ ಇನ್ನೂ ಉಳಿದಿರುತ್ತದೆ. ಮಂಗಳೂರಿನ ನಮ್ಮ ಮನೆಯಲ್ಲಿದ್ದದ್ದು ಸೋದರಮಾವ ಕುವೈತಿನಿಂದ ರಜೆಗೆ ಬರುವಾಗ ತಂದ ಪೆಂಟಾಕ್ಸ್ ಕೆ1000. ಮದುವೆ, ಗೃಹಪ್ರವೇಶ, ಊರಿನ ಕೋಲಗಳಲ್ಲೆಲ್ಲ ಅವರ ಹೆಗಲಲ್ಲಿದ್ದ ಆ ಕ್ಯಾಮೆರಾವನ್ನು ಡಿಜಿಟಲ್ ಬಂದ ಮೇಲೆ ಚೆನ್ನಾಗಿ ಒರೆಸಿ, ಕವಚಕ್ಕೆ ಹಾಕಿ, ಮೇಲೊಂದು ಪ್ಲಾಸ್ಟಿಕ್ ಚೀಲ ಸುತ್ತಿ ಒಳಗಿಟ್ಟರು. ಹನ್ನೊಂದು ಮಳೆಗಾಲ ಕಳೆದ ಮೇಲೆ ನಾನು ತೆರೆದು ನೋಡಿದಾಗ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಬಳಸಿದ ವರ್ಷಗಳಲ್ಲಿ ಏನೂ ಆಗದ ಕ್ಯಾಮೆರಾ, ಜೋಪಾನ ಮಾಡಿದ ವರ್ಷಗಳಲ್ಲಿ ಕೆಟ್ಟಿತ್ತು. ಅಂಥದ್ದೊಂದನ್ನು ಮತ್ತೆ ಬಳಕೆಗೆ ತರುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ನಿಮ್ಮಲ್ಲಿರುವ ಕ್ಯಾಮೆರಾ ಯಾವ ಜಾತಿಯದೆಂದು ತಿಳಿದುಕೊಳ್ಳಬೇಕು. 1976ರಿಂದ 1997ರವರೆಗೆ ತಯಾರಾದ ಕೆ1000 ಸಂಪೂರ್ಣ ಯಾಂತ್ರಿಕವಾದದ್ದು. ಅದರ ಸೆಲ್ ಬೆಳಕು ಅಳೆಯುವ ಮೀಟರಿಗೆ ಮಾತ್ರ, ಫಿಲ್ಮಿಗೆ ಬೆಳಕು ಬಿಡುವ ಪರದೆಯಾದ ಶಟರ್ ಸೆಲ್ ಇಲ್ಲದೆಯೂ ಓಡುತ್ತದೆ. 1982ರಲ್ಲಿ ಬಂದ ನಿಕಾನ್ ಎಫ್‌ಎಂ2 ಕೂಡ ಇದೇ ಬಗೆಯದು. ಅದೇ 1976ರಲ್ಲಿ ಬಂದ ಕ್ಯಾನನ್ ಎಇ-1ರಲ್ಲಿ ಶಟರನ್ನು ನಿಯಂತ್ರಿಸುವುದು ಎಲೆಕ್ಟ್ರಾನಿಕ್ಸ್. ಆರು ವೋಲ್ಟಿನ ಸೆಲ್ ಇಲ್ಲದೆ ಅದರ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಆದ್ದರಿಂದ ‘ಕೆಟ್ಟಿದೆ’ ಎಂದು ಬದಿಗಿಡುವ ಮುನ್ನ ಹೊಸ ಸೆಲ್ ಹಾಕಿ ನೋಡಿ. ಸೆಲ್ ಕೂರುವ ಗುಳಿಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ವಿನೆಗರ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ ಒಣಗಿಸಬೇಕು. 1966ರ ಮಿನೋಲ್ಟಾ ಎಸ್‌ಆರ್‌ಟಿ 101ರಂಥವು 1.35 ವೋಲ್ಟಿನ ಪಾದರಸದ ಸೆಲ್‌ಗಾಗಿ ರೂಪಿಸಿದವು. ಅದು ಈಗ ಸಿಗುವುದಿಲ್ಲ. ಶ್ರವಣಯಂತ್ರಕ್ಕೆ ಹಾಕುವ 675 ಸಂಖ್ಯೆಯ ಝಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟ್ ಕೊಡುವುದರಿಂದ ಅದನ್ನು ಬಳಸಬಹುದು.

ಎರಡನೆಯದು ಶಟರ್ ಪರೀಕ್ಷೆ. ಒಳಗೆ ಹಳೆಯ ರೀಲು ಇಲ್ಲವೆಂದು ಖಚಿತಪಡಿಸಿಕೊಳ್ಳಿ: ರೀವೈಂಡ್ ಗುಂಡಿಯನ್ನು ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿದಾಗ ಬಿಗಿ ಹಿಡಿದರೆ ಒಳಗೆ ಫಿಲ್ಮ್ ಇದೆ ಎಂದರ್ಥ. ಇಲ್ಲವಾದರೆ ಹಿಂಬಾಗಿಲು ತೆರೆದು, ಲೆನ್ಸ್ ಕಳಚಿ, ಬಿಳಿ ಗೋಡೆಯ ಕಡೆಗೆ ಹಿಡಿದು ಒಂದು ಸೆಕೆಂಡಿನಿಂದ ಆರಂಭಿಸಿ ಎಲ್ಲ ವೇಗಗಳಲ್ಲೂ ಒತ್ತಿ ನೋಡಿ. ನಿಧಾನದ ವೇಗಗಳಲ್ಲಿ ಪರದೆ ಅರ್ಧದಲ್ಲಿ ನಿಂತರೆ ಅಥವಾ ಕನ್ನಡಿ ಮೇಲೆಯೇ ಉಳಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಮೂವತ್ತು ನಲವತ್ತು ಸಲ ಒತ್ತಿದ ಮೇಲೆ ಸಡಿಲವಾಗುವುದುಂಟು. ಆದರೆ ಅದು ತಾತ್ಕಾಲಿಕ. ಹೊರಗಿನಿಂದ ಎಣ್ಣೆ ಬಿಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ಶಟರಿನ ಪರದೆಗೂ, ಲೆನ್ಸಿನೊಳಗೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರಿನ ಎಸಳುಗಳಿಗೂ ಹರಡಿದರೆ ರಿಪೇರಿಯವರ ಕೆಲಸ ಇಮ್ಮಡಿಯಾಗುತ್ತದೆ. ಹಿಂಬಾಗಿಲಿನ ಅಂಚಿನ ಕಪ್ಪು ಸ್ಪಂಜು ಡಾಂಬರಿನಂತೆ ಅಂಟಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಕಡ್ಡಿಯಿಂದ ಕೆರೆದು ತೆಗೆದು, ಆ ಕಾಲುವೆಗಳಲ್ಲಿ ಕಪ್ಪು ಉಣ್ಣೆಯ ನೂಲನ್ನು ಕೂರಿಸಿದರೂ ಬೆಳಕು ಸೋರುವುದು ನಿಲ್ಲುತ್ತದೆ.

ಈಗ ಲೆನ್ಸ್. ಹವ್ಯಾಸಿಗಳ ಪ್ರೀತಿಯ ಬಹುಪಾಲು ಸಲ್ಲುವುದು ಇದಕ್ಕೇ, ಕರಾವಳಿಯ ಹವೆ ಮೊದಲು ಕೆಡಿಸುವುದೂ ಇದನ್ನೇ. ಅಪರ್ಚರನ್ನು ಪೂರ್ಣ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಓರೆಯಾಗಿ ನೋಡಿ. ಧೂಳಿನ ಕಣಗಳು ಎಲ್ಲ ಹಳೆಯ ಲೆನ್ಸಿನಲ್ಲೂ ಇರುತ್ತವೆ, ಚಿತ್ರಕ್ಕೆ ಅವುಗಳಿಂದ ತೊಂದರೆಯಿಲ್ಲ. ಎಳೆಎಳೆಯಾಗಿ ಕವಲೊಡೆದದ್ದು ಬೂಷ್ಟು. ಇಡೀ ಗಾಜು ಹಬೆ ಹಿಡಿದಂತಿದ್ದರೆ ಅದು ಎಣ್ಣೆಯ ಮಬ್ಬು. ಬೂಷ್ಟು ಹೊರಗಿನ ಗಾಜಿನ ಮೇಲಿದ್ದರೆ ಮೊದಲು ಬ್ಲೋವರಿನಿಂದ ಧೂಳು ಹಾರಿಸಿ, ಲೆನ್ಸ್ ಟಿಶ್ಯುವಿಗೆ ಎರಡು ಹನಿ ಆಲ್ಕೊಹಾಲ್ ಹಾಕಿ, ನಡುವಿನಿಂದ ಅಂಚಿನತ್ತ ಹಗುರವಾಗಿ ಒರೆಸಬೇಕು. ಹನಿಯನ್ನು ನೇರವಾಗಿ ಗಾಜಿನ ಮೇಲೆ ಹಾಕಿದರೆ ಅದು ಅಂಚಿನಿಂದ ಒಳಗೆ ಇಳಿಯುತ್ತದೆ. ಒಳಗಿನ ಗಾಜುಗಳ ನಡುವೆ ಬೆಳೆದಿದ್ದರೆ ಅನುಭವಿ ರಿಪೇರಿಯವರಿಗೆ ಕೊಡುವುದೇ ಸರಿ. ಬಹಳ ಕಾಲ ಬೆಳೆದ ಬೂಷ್ಟು ಗಾಜಿನ ಲೇಪನವನ್ನೇ ತಿಂದಿರುತ್ತದೆ, ಆ ಕಲೆ ಹೋಗುವುದಿಲ್ಲ. ನಮ್ಮ ಮಾವನ ಲೆನ್ಸಿನ ಅಂಚಿನಲ್ಲಿ ಅಂಥ ಕಲೆ ಇದೆ. ಬೆಳಕಿಗೆ ಎದುರಾಗಿ ಹಿಡಿದಾಗ ಚಿತ್ರ ಸ್ವಲ್ಪ ಮಂಕಾಗುವುದನ್ನು ಬಿಟ್ಟರೆ ಬೇರೆ ದೋಷ ಕಂಡಿಲ್ಲ.

ಹಳೆಯ ಲೆನ್ಸುಗಳ ಇನ್ನೊಂದು ಆಕರ್ಷಣೆ, ಅವು ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಸಾಗಬಲ್ಲವು ಎಂಬುದು. 42 ಮಿ.ಮೀ. ತಿರುಪಿನ ಎಂ42 ಮೌಂಟಿಗೂ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿಗೂ) ಪೆಂಟಾಕ್ಸಿನ ಕೆ ಮೌಂಟಿಗೂ ಫಿಲ್ಮಿನಿಂದ ಇರುವ ದೂರ ಒಂದೇ, 45.46 ಮಿ.ಮೀ. ಆದ್ದರಿಂದ ತೆಳುವಾದ ಒಂದು ಉಂಗುರ ಹಾಕಿದರೆ ಸೋವಿಯತ್ ಝೆನಿಟ್ ಕ್ಯಾಮೆರಾದೊಂದಿಗೆ ಬಂದ 58 ಮಿ.ಮೀ. ಹೀಲಿಯೋಸ್ ಲೆನ್ಸ್ ಕೆ1000ರ ಮೇಲೆ ಕೂರುತ್ತದೆ, ದೂರದ ದಿಗಂತದವರೆಗೂ ಫೋಕಸ್ ಆಗುತ್ತದೆ. ಅದನ್ನು ಪೂರ್ಣ ತೆರೆದು, ಎಲೆಗಳ ಸಂದಿಯಿಂದ ಬೆಳಕು ಬೀಳುವ ತೋಟದಲ್ಲಿ ಯಾರನ್ನಾದರೂ ನಿಲ್ಲಿಸಿ ತೆಗೆದು ನೋಡಿ. ಹಿನ್ನೆಲೆ ಸುಳಿಯಂತೆ ತಿರುಗುತ್ತದೆ. ಲೆನ್ಸ್ ವಿನ್ಯಾಸಕರ ಕಣ್ಣಿಗೆ ಅದು ದೋಷವೇ ಇರಬಹುದು, ನನಗೆ ಅದು ಆ ಗಾಜಿನ ಸ್ವಭಾವವಾಗಿ ಪ್ರಿಯವಾಗಿದೆ. ಹಳೆಯ 50 ಮಿ.ಮೀ. ಎಫ್/1.4 ಟಕುಮಾರ್ ಲೆನ್ಸುಗಳಲ್ಲಿ ಕೆಲವು ಹಳದಿಗಟ್ಟಿರುವುದು ಗಾಜಿನಲ್ಲಿ ಬೆರೆಸಿದ ಥೋರಿಯಂನಿಂದ. ಬೇಸಿಗೆಯ ಬಿಸಿಲಿನಲ್ಲಿ ಕೆಲವು ದಿನ ಇಟ್ಟರೆ ಬಣ್ಣ ತಿಳಿಯಾಗುತ್ತದೆ. ಆದರೆ ಲೆನ್ಸ್ ಬಿಸಿಲನ್ನು ಕೂಡಿಸಿ ಬೆಂಕಿ ಹೊತ್ತಿಸಬಲ್ಲದು ಎಂಬುದನ್ನು ಮರೆಯದೆ, ಹಿಂಬದಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಬಟ್ಟೆ ಕಾಗದಗಳಿಂದ ದೂರ ಇಡಬೇಕು.

ನಂತರ ರೀಲು ತುಂಬಿಸುವುದು. ನೆರಳಿನಲ್ಲಿ ಕುಳಿತು, ಫಿಲ್ಮಿನ ತುದಿಯನ್ನು ಬಲಗಡೆಯ ಸುರುಳಿಗೆ ಸಿಕ್ಕಿಸಿ, ಎರಡೂ ಬದಿಯ ರಂಧ್ರಗಳು ಹಲ್ಲುಗಳ ಮೇಲೆ ಕೂತಿವೆಯೇ ಎಂದು ನೋಡಿ ಬಾಗಿಲು ಮುಚ್ಚಿ. ಮುಂದೆ ಫಿಲ್ಮ್ ಸರಿಸುವ ಲೀವರ್ ಎಳೆದಾಗಲೆಲ್ಲ ರೀವೈಂಡ್ ಗುಂಡಿ ತಾನೂ ತಿರುಗಬೇಕು. ನಾನು ಇದನ್ನು ಗಮನಿಸದೆ ಮಲ್ಪೆಯಲ್ಲಿ ಒಂದು ಇಡೀ ಬೆಳಗ್ಗೆ 36 ಚಿತ್ರ ‘ತೆಗೆದು’, ಒಂದೂ ಇಲ್ಲದ ರೀಲನ್ನು ತೊಳೆಸಿದ್ದೇನೆ. ಮೀಟರ್ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಹಳೆಯ ಲೆಕ್ಕವೊಂದಿದೆ: ಸ್ವಚ್ಛ ಬಿಸಿಲಿನಲ್ಲಿ ಅಪರ್ಚರ್ 16, ಶಟರ್ ವೇಗ ಫಿಲ್ಮಿನ ಐಎಸ್‌ಒ ಸಂಖ್ಯೆಗೆ (ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂದು ಹೇಳುವ ಅಂಕಿಗೆ) ಹತ್ತಿರದ್ದು. ಅಂದರೆ 200ರ ಫಿಲ್ಮಿಗೆ 1/250. ಮರಳು ಹೊಳೆಯುವ ಪಣಂಬೂರಿನ ಮಧ್ಯಾಹ್ನಕ್ಕೆ ಅಪರ್ಚರ್ 22, ಜುಲೈ ತಿಂಗಳ ದಟ್ಟ ಮೋಡಕ್ಕೆ 5.6. ಮೀಟರ್ ಇದಕ್ಕಿಂತ ಬಹಳ ಬೇರೆಯಾಗಿ ಹೇಳಿದರೆ ಈ ಲೆಕ್ಕವನ್ನೇ ನಂಬಿ. ಮೊದಲ ರೀಲಿನ ಪ್ರತಿ ಚಿತ್ರದ ವೇಗವನ್ನೂ ಅಪರ್ಚರನ್ನೂ ಚೀಟಿಯಲ್ಲಿ ಬರೆದಿಡಿ. ಯಾವ ವೇಗ ತಪ್ಪುತ್ತಿದೆ ಎಂಬುದು ನೆಗೆಟಿವ್ ನೋಡಿದಾಗ ತಿಳಿಯುತ್ತದೆ.

ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯಬಯಸುವವರು ಒಂದು ಮಾತು ಗಮನಿಸಬೇಕು. ರಾಸಾಯನಿಕಗಳ ಕಾಲಸೂಚಿ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟದ್ದು, ನಮ್ಮ ನಲ್ಲಿ ನೀರು ಅದಕ್ಕಿಂತ ಬೆಚ್ಚಗೆ. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿನ ಬಾಟಲಿಯನ್ನು ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸಿ ಥರ್ಮಾಮೀಟರ್ ನೋಡಿಕೊಂಡೇ ಆರಂಭಿಸಬೇಕು.

ಕೊನೆಯದು, ಇಡುವ ಕ್ರಮ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇವೆ, ಅವು ಮೊಳೆಯುವುದು ತೇವ ಸಿಕ್ಕಾಗ. ಚರ್ಮದ ಕವಚ ತೇವ ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಬೇರೆಯೇ ಇಡಿ. ಅಕ್ಕಿಯೊಳಗೆ ಹುದುಗಿಸುವುದೂ ಬೇಡ, ಅದರ ಪುಡಿ ಲೆನ್ಸಿನ ಸಂದಿಗೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪುಟ್ಟ ಮಾಪಕ ಇಟ್ಟು, ಅಂಕಿ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಂಡರೆ ಸಾಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವೇಳೆಗೆ, ನಾನು ಜೆಲ್ಲನ್ನು ಅಡುಗೆಗೆ ಬಳಸದ ಪಾತ್ರೆಯಲ್ಲಿ ಹಾಕಿ, ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಒಣಗಿಸಿ ಹೊಸದಾಗಿ ತುಂಬುತ್ತೇನೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಇನ್ನೊಮ್ಮೆ ಒಣಗಿಸಬೇಕಾಗುತ್ತದೆ. ಮಳೆಗಾಲವಿಡೀ ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರತೆಗೆದು, ಎಲ್ಲ ವೇಗಗಳಲ್ಲೂ ಶಟರ್ ಓಡಿಸಿ, ಫೋಕಸ್ ಮತ್ತು ಅಪರ್ಚರಿನ ಬಳೆಗಳನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಮತ್ತೆ ಇಡುವಾಗ ಲೀವರ್ ಎಳೆದು, ಶಟರ್ ಒತ್ತದೆ ಹಾಗೆಯೇ ಇಡಬೇಡಿ, ಸ್ಪ್ರಿಂಗುಗಳು ಬಿಗಿಯಾಗಿಯೇ ಉಳಿಯುತ್ತವೆ. ಕೆ1000ರ ಮೀಟರಿಗೆ ಬೇರೆ ಸ್ವಿಚ್ ಇಲ್ಲದೆ, ಬೆಳಕು ಬಿದ್ದಷ್ಟು ಹೊತ್ತೂ ಅದು ಸೆಲ್ ಬಳಸುತ್ತಿರುವುದರಿಂದ ಲೆನ್ಸಿನ ಮುಚ್ಚಳ ಹಾಕುವುದನ್ನೂ ಮರೆಯಬಾರದು. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಸೆಲ್ ತೆಗೆದಿಡಿ.